ದೊಡ್ಡಮ್ಮ ತೋರಿಸದ ಮೊದಲ ಸಿಡಿ

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಬೆರಳಿನ ಮೀನುವಾಸನೆ ಹೋಗಲೆಂದು ಲಿಂಬೆಸಿಪ್ಪೆ ತಿಕ್ಕಿಕೊಳ್ಳುತ್ತ ಹೊರಕೋಣೆಗೆ ಬಂದರೆ, ನಮ್ಮ ಟೀವಿಯಲ್ಲಿ ಒಂದು ನೀರುನಾಯಿ ಮರಿ ಕನ್ನಡದಲ್ಲಿ ಮಾತಾಡುತ್ತಿತ್ತು. "ಗೆಳೆಯಾ, ಬಾ, ಈ ನದಿಯ ಆಚೆ ಏನಿದೆ ಎಂದು ನೋಡಿಯೇ ಬಿಡೋಣ" ಎಂದು, ಯಾವುದೋ ದೊಡ್ಡ ಪೇಟೆಯ ಒಳ್ಳೆಯ ಶಾಲೆಗೆ ಹೋಗುವ ಹುಡುಗನ ದನಿಯಲ್ಲಿ. ನಾನು ಸಿಪ್ಪೆ ಹಿಡಿದುಕೊಂಡೇ ನಿಂತುಬಿಟ್ಟೆ. ಆ ಮರಿಯದು ನನಗೆ ಇಪ್ಪತ್ತನಾಲ್ಕು ವರ್ಷದ ಪರಿಚಯ. ಅದರ ಎಡಗಿವಿಯ ತುದಿ ಹರಿದಿರುವುದು, ಹೆದರಿದಾಗ ಎರಡೂ ಕೈಯಿಂದ ಮೂಗು ಮುಚ್ಚಿಕೊಳ್ಳುವುದು ಎಲ್ಲ ನನಗೆ ಗೊತ್ತು. ಗೊತ್ತಿಲ್ಲದ್ದು ಆ ದನಿ ಒಂದೇ. ನಾನು ಕಂಡ ನೀರುನಾಯಿ ಮರಿ ಮಾತಾಡುತ್ತಿದ್ದುದು ಅಂಕೋಲೆಯ ಬೊಬ್ರುವಾಡದ ನನ್ನ ದೊಡ್ಡಮ್ಮನ ದನಿಯಲ್ಲಿ.

ದೊಡ್ಡಮ್ಮ, ಅಂದರೆ ನನ್ನ ಅಮ್ಮನ ಅಕ್ಕ, ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಎಂಟು ದಿನ ಇದ್ದು ಹೋಗುತ್ತೇನೆಂದು ಅಂಕೋಲೆಯಿಂದ ಕಾರವಾರಕ್ಕೆ, ನಮ್ಮ ಮನೆಗೆ ಬಂದವಳು. ನನ್ನ ಮಗಳು ಅವನಿ, ಐದೂವರೆ ವರ್ಷದವಳು, ಅವಳ ಕಾಲಿಗೆ ಒರಗಿ ನೆಲದಲ್ಲಿ ಕೂತಿದ್ದಳು. ಗಂಡ ಕೈಗಾ ಅಣುಸ್ಥಾವರದ ಬಸ್ಸು ಹಿಡಿದು ಪಾಳಿಗೆ ಹೋಗಿದ್ದರು. ಟೀವಿಯಲ್ಲಿ ಈಗ ಸಾವಿರ ಸಿನಿಮಾ ಇರುತ್ತವಲ್ಲ, ಅದರಲ್ಲಿ ಇದನ್ನೇ ಆರಿಸಿದ್ದು ಅವನಿ. ಬೇಕೆಂದು ಹುಡುಕಿದರೆ ನನಗೆ ಸಿಗುತ್ತಿರಲಿಲ್ಲ. ಇಷ್ಟು ವರ್ಷ ನನಗೆ ಆ ಸಿನಿಮಾದ ಹೆಸರೇ ಗೊತ್ತಿರಲಿಲ್ಲ.

ಈ ಜಾತಿಯ ಸಿನಿಮಾ ನೀವೂ ನೋಡಿರುತ್ತೀರಿ. ಕಂಪ್ಯೂಟರಿನಲ್ಲಿ ಬಿಡಿಸಿದ ಒಂದು ಪ್ರಾಣಿ, ಮೈಮೇಲಿನ ಒಂದೊಂದು ಕೂದಲೂ ಬೇರೆ ಬೇರೆ ಅಲುಗುತ್ತಿರುತ್ತದೆ. ಅದು ಮನೆ ಬಿಟ್ಟು ಹೊರಡುತ್ತದೆ, ದಾರಿಯಲ್ಲಿ ತನಗೆ ಸ್ವಲ್ಪವೂ ಹೊಂದದ ಒಬ್ಬ ಜೊತೆಗಾರ ಸಿಗುತ್ತಾನೆ, ನಾಲ್ಕು ಹಾಡು, ಎರಡು ಅಪಾಯ, ಕೊನೆಗೆ ಮನೆ. ಮಕ್ಕಳ ನೆವದಲ್ಲಿ ದೊಡ್ಡವರು ಕೂತು ಮೂಗು ಒರೆಸಿಕೊಳ್ಳುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ನೀರುನಾಯಿಯ ಕಣ್ಣಲ್ಲಿ ದುಃಖಕ್ಕೆ ನೀರು ಬರುವುದಿಲ್ಲ ಎಂದು ಎದ್ದು ನಿಂತು ತಕರಾರು ಮಾಡುವ ಹಾಳು ಚಟ ನನಗೆ. ಗಂಡ ನನ್ನ ಜೊತೆ ಸಿನಿಮಾ ನೋಡುವುದನ್ನು ಬಿಟ್ಟದ್ದು ಇದೇ ಕಾರಣಕ್ಕೆ.

ನನಗೆ ಎಂಟು, ತಮ್ಮ ಗಿರೀಶನಿಗೆ ಐದು ವರ್ಷವಾಗಿದ್ದಾಗ ಅಮ್ಮನಿಗೆ ಎದೆಯ ಆಪರೇಷನ್ ಆಗಬೇಕಾಯಿತು. ಅಪ್ಪ ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೋದ. ಅಂಕೋಲೆ ಪೇಟೆಯ ನಮ್ಮ ಮನೆಗೆ ಬೀಗ ಹಾಕಿ, ನಮ್ಮಿಬ್ಬರನ್ನು ಬೊಬ್ರುವಾಡದಲ್ಲಿ ದೊಡ್ಡಮ್ಮನ ಕೈಗೆ ಒಪ್ಪಿಸಿದ. ಹದಿನೆಂಟು ದಿನ ಅಲ್ಲಿದ್ದೆವು. ಅಮ್ಮ ಬರುತ್ತಾಳೋ ಇಲ್ಲವೋ ಎನ್ನುವುದು ಮನೆಯ ದೊಡ್ಡವರ ಮುಖದಲ್ಲೆಲ್ಲ ಬರೆದಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಗಿರೀಶ ಮಾತ್ರ ಅನ್ನ ಉಣ್ಣುವುದನ್ನು ಬಿಟ್ಟು ಬರೀ ಅವಲಕ್ಕಿಯ ಮೇಲೆ ಬದುಕಿದ್ದ.

ದೊಡ್ಡಮ್ಮನ ಪಕ್ಕದ ಮನೆಯವರು ಮೂಲದಲ್ಲಿ ಕಾರವಾರದ ಹತ್ತಿರದ ಚೆಂಡಿಯಾ ಊರಿನವರು. ನೌಕಾನೆಲೆಗೆ ಭೂಮಿ ಹೋದಮೇಲೆ ಬೊಬ್ರುವಾಡದಲ್ಲಿ ಮನೆ ಕಟ್ಟಿಕೊಂಡಿದ್ದರು. ಅವರ ಮಗ ಹಡಗಿನ ಕೆಲಸದಲ್ಲಿದ್ದ, ರಜೆಗೆ ಬಂದಾಗ ಯಾವ ಬಂದರಿನಿಂದಲೋ ಒಂದು ಸಿನಿಮಾ ತಂದಿದ್ದ. ಆಗೆಲ್ಲ ಒಂದು ಸಿನಿಮಾ ಎರಡು ಸಿಡಿಯಲ್ಲಿ ಬರುತ್ತಿತ್ತು, ಮೊದಲರ್ಧ ಒಂದರಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಮಕ್ಕಳ ಮುಖ ಬಾಡಿದೆ, ನೋಡಿಕೊಳ್ಳಲಿ ಎಂದು ಅವರು ಅದನ್ನೂ, ಸಿಡಿ ಹಾಕುವ ಪೆಟ್ಟಿಗೆಯನ್ನೂ ತಂದುಕೊಟ್ಟರು. ಮಾತೆಲ್ಲ ಇಂಗ್ಲಿಷು. ನಮ್ಮ ಪೈಕಿ ಯಾರಿಗೂ ಒಂದು ಅಕ್ಷರ ತಿಳಿಯುವಂತಿರಲಿಲ್ಲ.

ನಾವು ಶಾಲೆಯಿಂದ ಬರುವಷ್ಟರಲ್ಲಿ ದೊಡ್ಡಮ್ಮ ಟೀವಿಯ ಮುಂದೆ ಮಣೆ ಹಾಕಿ ಕೂತಿದ್ದಳು.

"ಮೊದಲ್ನೇ ಸಿಡಿಗೆ ಗೀರು ಬಿದ್ದದೆ, ಓಡೂದಿಲ್ಲ" ಅಂದಳು. "ಎರಡನೇದ್ದು ಹಾಕ್ತೆ. ಹಿಂದಿನ ಕತೆ ನಾ ಹೇಳ್ತೆ."

"ನಿಂಗೆ ಹ್ಯಾಂಗೆ ಗೊತ್ತು ಹಿಂದಿನ ಕತೆ?" ಎಂದೆ. ನಾನು ಆಗಲೇ ಹೀಗೆ.

"ರಾಮ ಕಾಡಿಗೆ ಹೋಗೂದು ನೋಡ್ದೇ ಇದ್ರೂ ಅವ ಎಂತಕ್ಕೆ ಹೋದ ಅಂತ ಗೊತ್ತಾಗೂದಿಲ್ವೇನೆ? ಹಾಂಗೇ."

ಇಲ್ಲಿ ದೊಡ್ಡಮ್ಮನ ಒಂದು ವಿಷಯ ಹೇಳಬೇಕು. ಅವಳ ಅಪ್ಪ, ಅಂದರೆ ನನ್ನ ಅಜ್ಜ, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವನು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಕೂತು ಆ ಪಾತ್ರವಾಗಿ ಮಾತಾಡುತ್ತಾನೆ, ಬಾಯಿಗೆ ಬಂದದ್ದನ್ನು ಅಲ್ಲೇ ಕಟ್ಟಿಕೊಂಡು. ನಮ್ಮ ಕಡೆ ಅದರ ಹುಚ್ಚು ಹೆಚ್ಚು. ದೊಡ್ಡಮ್ಮ ಹುಡುಗಿಯಾಗಿದ್ದಾಗ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಎಲ್ಲರ ಅರ್ಥವನ್ನೂ ಕೇಳಿದ್ದಳು, ಕರ್ಣನದೂ ಬಾಯಿಪಾಠ, ಶಲ್ಯನದೂ ಬಾಯಿಪಾಠ. ಆದರೆ ಹೆಂಗಸನ್ನು ಆ ಕಾಲದಲ್ಲಿ ಯಾರು ಕೂರಿಸುತ್ತಾರೆ? ಹೀಗೆ ಮೂವತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡ ಅರ್ಥವೆಲ್ಲ ಆ ಇಂಗ್ಲಿಷ್ ನೀರುನಾಯಿಯ ಮೇಲೆ ಬಂದು ಬಿತ್ತು.

ಅವಳ ಕ್ರಮ ಹೀಗೆ. ಹಾಡು ಬಂದಾಗ ಟೀವಿಯ ಸದ್ದು ಜೋರು ಮಾಡುವಳು, ಏಕೆಂದರೆ ಅದು ಭಾಗವತರ ಪಾಲು. ಹಾಡು ಮುಗಿದದ್ದೇ ಸದ್ದು ಪೂರ್ತಿ ಬಂದ್. ಆಮೇಲೆ ಎಲ್ಲ ಪಾತ್ರವೂ ಅವಳೇ. ಸಿನಿಮಾದಲ್ಲಿ ಮರಿಯ ಜೊತೆಗಾರ ಒಬ್ಬ ಮುದಿ ಕೊಕ್ಕರೆ, ರೆಕ್ಕೆ ಮುರಿದವನು. ಅವನಿಗೆ ದೊಡ್ಡಮ್ಮ ಪುಸ್ತಕದ ಕನ್ನಡ ಕೊಟ್ಟಿದ್ದಳು. "ಎಲೈ ಮರಿಯೇ, ನಾನು ಒಂಟಿ ಕಾಲಿನಲ್ಲಿ ನಿಲ್ಲುವುದು ನಿತ್ರಾಣದಿಂದಲ್ಲ, ತಪಸ್ಸಿನಿಂದ." ಮರಿಗೆ ನಮ್ಮ ಭಾಷೆ. "ತಪಸ್ಸಿಗೆ ನಿಂತವ ಮೀನು ಎಂತಕ್ಕೆ ಹಿಡೀತಿ ಅಜ್ಜಾ?" ಕೊಕ್ಕರೆ ಕೊಂಚವೂ ಅಳುಕದೆ, "ಅದು ಉಪವಾಸದ ಫಲಾಹಾರ, ಮಗನೇ" ಎನ್ನುವನು. ಗಿರೀಶ ಬಿದ್ದು ಬಿದ್ದು ನಗುತ್ತಿದ್ದ. ನಕ್ಕ ಹೊತ್ತಿನಲ್ಲೇ ಅವನ ಬಾಯಿಗೆ ದೊಡ್ಡಮ್ಮ ಒಂದು ತುತ್ತು ಅನ್ನ ಇಡುವಳು. ಅವನು ನುಂಗಿದ್ದು ಅವನಿಗೇ ಗೊತ್ತಾಗುತ್ತಿರಲಿಲ್ಲ.

ಆ ಮರಿ ನೀರಿನ ಮೇಲೆ ಒಂಟಿಯಾಗಿ ಏಕೆ ತೇಲುತ್ತಿದೆ, ಅದರ ಅಮ್ಮ ಎಲ್ಲಿ ಎಂದು ಮೊದಲ ದಿನವೇ ಕೇಳಿದ್ದೆವು. ಉತ್ತರ ಕೊಟ್ಟದ್ದು ಕೊಕ್ಕರೆ. "ನಿನ್ನ ತಾಯಿಯ ಎದೆಯ ಒಳಗೆ ಒಂದು ಸಣ್ಣ ಬಾಗಿಲಿದೆ, ಮರಿಯೇ. ಅದು ಸಮ ಮುಚ್ಚುತ್ತಿಲ್ಲ. ಅದನ್ನು ಸರಿಮಾಡುವ ಆಚಾರಿ ಇರುವುದು ನದಿಯಾಚೆಯ ಪಟ್ಟಣದಲ್ಲಿ. ಅಲ್ಲಿಗೆ ಹೋಗಿದ್ದಾಳೆ." ಅಮ್ಮನಿಗೆ ಏನಾಗಿದೆ ಎಂಬುದು ನನಗೆ ಗೊತ್ತಾದದ್ದು ಹೀಗೆ, ಒಂದು ಕೊಕ್ಕರೆಯ ಬಾಯಿಂದ. ಮುಂದೆ ಕಾಲೇಜಿನಲ್ಲಿ ಹೃದಯದ ಕವಾಟದ ಚಿತ್ರ ಬರೆಯುವಾಗ ನಾನು ಕೈಮರೆತು ಅದಕ್ಕೆ ಒಂದು ಚಿಲಕವನ್ನೂ ಬರೆದಿದ್ದೆ.

ದಿನಾ ಶಾಲೆಯಿಂದ ಬಂದು ಅದೇ ಅರ್ಧ ಸಿನಿಮಾ. ಹದಿನೆಂಟು ದಿನವೂ. ಅರ್ಥ ಮಾತ್ರ ದಿನಾ ಬೇರೆ. ನಿನ್ನೆ ಹೀಗೆ ಹೇಳಿರಲಿಲ್ಲ ಎಂದು ನಾನು ಹಿಡಿದರೆ, "ಅದು ನಿನ್ನಿನ ಆಟ, ಇದು ಇವತ್ತಿನ ಆಟ. ಸುಮ್ನೆ ಕೂತ್ಕಾ" ಎಂದು ಗದರುವಳು. ಕೊನೆಯಲ್ಲಿ ಮರಿ ತನ್ನ ಹೊಳೆಗೆ ವಾಪಸು ಬರುತ್ತದೆ, ಬೆಳ್ಳನೆಯ ಬೆಳಕಿನಲ್ಲಿ ತಾಯಿ ನೀರುನಾಯಿ ತೇಲಿಕೊಂಡು ಬಂದು ಮೂಗಿಗೆ ಮೂಗು ತಾಗಿಸುತ್ತದೆ. "ಬಂದ್ಯಾ? ಉಂಡ್ಯಾ?" ಎಂದು ತಾಯಿ ಕೇಳುತ್ತದೆ. ಅಲ್ಲಿಗೆ ದೊಡ್ಡಮ್ಮ ಪೆಟ್ಟಿಗೆಯ ಗುಂಡಿ ಒತ್ತಿ ಸಿನಿಮಾ ನಿಲ್ಲಿಸಿ, ಕೈಮುಗಿದು ಮಂಗಳ ಹಾಡುವಳು. "ಮುಂದೆ ಎಂತದೂ ಇಲ್ಲ, ಬರೀ ಹೆಸರು ಬತ್ತದೆ" ಎನ್ನುವಳು.

ಮಂಗಳೂರಿನಿಂದ ಸುದ್ದಿ ಬರುತ್ತಿದ್ದುದು ಪಕ್ಕದ ಮನೆಯ ಫೋನಿಗೆ. ಒಂಬತ್ತನೆಯ ದಿನ ಸಂಜೆ ಫೋನಿಗೆ ಹೋದ ದೊಡ್ಡಮ್ಮ ಬಹಳ ಹೊತ್ತು ಬರಲಿಲ್ಲ. ಬಂದವಳು ಕಾಲು ತೊಳೆದು, ದೇವರ ಮುಂದೆ ಒಂದು ಕ್ಷಣ ನಿಂತು, ಒಳಕೋಣೆಗೆ ಹೋಗಿ ಬಂದು ಟೀವಿ ಹಾಕಿದಳು. ಆ ದಿನದ ಅರ್ಥದ ಹಾಗೆ ನಾನು ಇನ್ನೊಂದು ಕೇಳಿಲ್ಲ. ಕೊಕ್ಕರೆ ಮರಿಗೆ ಈಜುವುದನ್ನು ಕಲಿಸುತ್ತ ಕಲಿಸುತ್ತ, ಯಾರಿಲ್ಲದಿದ್ದರೂ ನೀನು ಉಣ್ಣಬೇಕು, ತಮ್ಮನನ್ನು ನೋಡಿಕೊಳ್ಳಬೇಕು, ಶಾಲೆ ತಪ್ಪಿಸಬಾರದು ಎಂದೆಲ್ಲ ಹೇಳಿತು. ನೀರುನಾಯಿಗೆ ತಮ್ಮ ಎಲ್ಲಿಂದ ಬಂದ ಎಂದು ನಾನು ಕೇಳಲಿಲ್ಲ. ಅಷ್ಟು ಬುದ್ಧಿ ಆ ದಿನ ಬಂದಿತ್ತು.

ಅಮ್ಮ ಬಂದಳು. ಹದಿನೆಂಟನೆಯ ದಿನ ಒಂದು ಬಾಡಿಗೆ ಕಾರಿನಲ್ಲಿ, ದಿಂಬು ಎದೆಗೆ ಒತ್ತಿ ಹಿಡಿದುಕೊಂಡು, ಅರ್ಧಕ್ಕರ್ಧ ಇಳಿದುಹೋಗಿ. ಗಿರೀಶ ಹೆದರಿ ಬಾಗಿಲ ಹಿಂದೆ ನಿಂತವನು, "ಆಚಾರಿ ಬಾಗ್ಲು ಸಮಾ ಕೂರ್ಸಿದ್ನಾ?" ಎಂದು ಕೇಳಿದ. ಅಮ್ಮನಿಗೆ ಅರ್ಥವಾಗಲಿಲ್ಲ. ದೊಡ್ಡಮ್ಮ ನಗಲು ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಸಿಡಿಗಳನ್ನು ಹಡಗಿನ ಹುಡುಗ ವಾಪಸು ತೆಗೆದುಕೊಂಡು ಹೋದ. ಅಲ್ಲಿಗೆ ಆ ಸಿನಿಮಾದ ಮೊದಲರ್ಧ ನನ್ನ ಪಾಲಿಗೆ ಇಲ್ಲದೇ ಹೋಯಿತು.

ಅಮ್ಮ ಆಮೇಲೆ ಇಪ್ಪತ್ತನಾಲ್ಕು ವರ್ಷ ಚೆನ್ನಾಗಿ ಬದುಕಿದಳು. ನನ್ನ ಮದುವೆ ಮಾಡಿದಳು, ಬಾಣಂತನ ಮಾಡಿದಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದು ಅವನಿಯನ್ನು ಬೆಳೆಸಿದಳು. ನಾನು ಶಾಲೆಗೆ ಹೋದಮೇಲೆ ಮಗುವಿಗೆ ಅಜ್ಜಿಯೇ ಎಲ್ಲ. ನಾಲ್ಕು ತಿಂಗಳ ಹಿಂದೆ ಅಮ್ಮನನ್ನು ಮತ್ತೆ ಮಂಗಳೂರಿಗೆ ಕರೆದೊಯ್ದೆವು. ಈ ಸಲ ಅವಳು ಬರಲಿಲ್ಲ. ಕ್ರಿಯೆಯೆಲ್ಲ ಅಂಕೋಲೆಯಲ್ಲಿ, ಗಿರೀಶನ ಮನೆಯಲ್ಲಿ ಆಯಿತು. ಮಗಳಿಗೆ ಜ್ವರ ಇದ್ದುದರಿಂದ ಅವಳು ಕಾರವಾರದಲ್ಲೇ ನಮ್ಮ ಅತ್ತೆಯವರ ಹತ್ತಿರ ಉಳಿದಿದ್ದಳು. ನಾನು ವಾಪಸು ಬಂದಾಗ ಓಡಿ ಬಂದು, "ಅಜ್ಜಿ ಎಲ್ಲಿ?" ಎಂದಳು.

"ಆಸ್ಪತ್ರೆಲಿ ಇದ್ದಾಳೆ, ಬರ್ತಾಳೆ" ಎಂದೆ.

ನನ್ನ ಬಾಯಿಂದ ಅದು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಆಶ್ಚರ್ಯ. ಶಾಲೆಯ ಪಾಲಕರ ಸಭೆಯಲ್ಲಿ ಮಕ್ಕಳ ಪ್ರಶ್ನೆಗೆ ಸುಳ್ಳು ಉತ್ತರ ಕೊಡಬೇಡಿ ಎಂದು ಮೈಕು ಹಿಡಿದು ಭಾಷಣ ಮಾಡುವವಳು ನಾನೇ. ಆದರೆ ದೊಡ್ಡಮ್ಮನ ವಿದ್ಯೆ ನನ್ನಲ್ಲೂ ಇದೆ ಎಂದು ಒಳಗೊಳಗೇ ಸಮಾಧಾನ ಮಾಡಿಕೊಂಡೆ. ನಮ್ಮನ್ನು ಅವಳು ಹೀಗೇ ಕಾಪಾಡಿದಳಲ್ಲ, ಏನು ಕೆಟ್ಟದ್ದಾಯಿತು? ಮನೆಯವರಿಗೆಲ್ಲ ಹಾಗೇ ಹೇಳಲು ತಾಕೀತು ಮಾಡಿದೆ. ಮೊದಲು ಅವನಿ ದಿನಾ ಕೇಳುತ್ತಿದ್ದಳು. ಆಮೇಲೆ ವಾರಕ್ಕೊಮ್ಮೆ. ಒಂದು ತಿಂಗಳಿಂದ ಕೇಳುವುದನ್ನೇ ಬಿಟ್ಟಿದ್ದಳು. ಮಗು ಮರೆತುಬಿಟ್ಟಿತು, ನಾನು ಬಚಾವಾದೆ ಎಂದುಕೊಂಡೆ. ಒಳ್ಳೆಯ ಕೆಲಸ ಮಾಡಿದ ಜಂಬ ಬೇರೆ.

ಇಷ್ಟು ಹೇಳಿದ ಮೇಲೆ ಭಾನುವಾರಕ್ಕೆ ವಾಪಸು ಬರುತ್ತೇನೆ. ಟೀವಿಯಲ್ಲಿದ್ದುದು ನಾನು ಎಂದೂ ಕಾಣದ ಮೊದಲರ್ಧ ಎಂದು ಗೊತ್ತಾದದ್ದೇ ನಾನು ಚಕ್ಕಳಮಕ್ಕಳ ಹಾಕಿ ಅವನಿಯ ಪಕ್ಕ ಕೂತೆ. "ಇದು ನನ್ನ ಸಿನಿಮಾ, ಗೊತ್ತುಂಟಾ?" ಎಂದು ಅವಳ ಹತ್ತಿರ ಕೊಚ್ಚಿಕೊಂಡೆ. ಹೊಳೆ, ಬಂಡೆ, ಬಿಲ, ಮರಿಗೆ ಏಡಿ ಒಡೆಯಲು ಕಲಿಸುವ ತಾಯಿ. ಕಾಳಿ ನದಿಯ ಸೇತುವೆಯ ಕೆಳಗೆ ನಾನು ಕಂಡ ನಿಜವಾದ ನೀರುನಾಯಿಗಳೂ ಹಾಗೇ ಕಾಲು ಮೇಲೆ ಮಾಡಿ ಆಡುತ್ತವೆ, ತಕರಾರು ಎತ್ತಲು ನನಗೆ ಏನೂ ಸಿಗಲಿಲ್ಲ. ಆಮೇಲೆ ಮೇಲಿನ ಕಣಿವೆಯಲ್ಲಿ ಮಳೆ, ನೆರೆ. ತಾಯಿ ಮರಿಯನ್ನು ತಲೆಯಿಂದ ದೂಡಿ ದೂಡಿ ಒಂದು ಮರದ ದಿಮ್ಮಿಗೆ ಹತ್ತಿಸಿತು. ತಾನು ಹತ್ತಲಿಲ್ಲ. ಒಂದು ಸಲ ಮೇಲೆ ಬಂತು, ಇನ್ನೊಂದು ಸಲ ಬಂತು, ಮತ್ತೆ ಬರಲಿಲ್ಲ. ದಿಮ್ಮಿ ತಿರುಗುತ್ತ ತಿರುಗುತ್ತ ಸಮುದ್ರಕ್ಕೆ ಹೋಯಿತು.

ಅದರಲ್ಲಿ ತಿಳಿಯದಿರಲು ಏನೂ ಇರಲಿಲ್ಲ. ಭಾಷೆಯೇ ಬೇಕಿರಲಿಲ್ಲ. ಕೊನೆಯಲ್ಲಿ ಬೆಳ್ಳನೆಯ ಬೆಳಕಿನಲ್ಲಿ ಬರುತ್ತಿದ್ದ ತಾಯಿ ಮರಿಯ ಕನಸು ಮಾತ್ರ ಎಂದು, ದೊಡ್ಡಮ್ಮ ಸರಿಯಾಗಿ ಅಲ್ಲೇ ಗುಂಡಿ ಒತ್ತುತ್ತಿದ್ದುದು ಏಕೆಂದು ಈಗ ಹೊಳೆಯಿತು. ನಾನು ಹಿಂತಿರುಗಿ ದೊಡ್ಡಮ್ಮನ ಮುಖ ನೋಡಿದೆ. ಅವಳು ಟೀವಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಗೀರು ಬಿದ್ದದೆ ಅಂದಿದ್ದೆ" ಎಂದೆ.

"ಗೀರೂ ಇಲ್ಲ, ಎಂತದೂ ಇಲ್ಲ."

ಅಷ್ಟರಲ್ಲಿ ಅವನಿ ನನ್ನ ಕೈ ಎಳೆದಳು. "ಅಮ್ಮಾ, ಅದ್ರ ಅಮ್ಮ ಎಲ್ಲಿ ಹೋಯ್ತು?"

ನಾನು ಥಟ್ಟನೆ ಸಿನಿಮಾ ನಿಲ್ಲಿಸಿದೆ. "ಆಸ್ಪತ್ರೆಗೆ ಹೋಯ್ತು. ಬರ್ತದೆ. ಈಗ ಮುಂದೆ ಕೊಕ್ಕರೆ ಬರ್ತದೆ ನೋಡು, ಭಾರೀ ಮಜಾ ಇದೆ" ಎಂದು ಆ ಭಾಗ ಹಾರಿಸಲು ಹೊರಟೆ.

"ಏ, ಒಂದು ಚೊಂಬು ನೀರು ಕೊಡು ಬಾ" ಎಂದು ದೊಡ್ಡಮ್ಮ ಎದ್ದು ಅಡಿಗೆಮನೆಗೆ ನಡೆದಳು. ನೀರು ಬೇಕಾದವರು ಎದ್ದು ಹೋಗುವುದಿಲ್ಲ. ನಾನು ಹಿಂದೆ ಹೋದೆ.

"ಅಜ್ಜಿ ಸುದ್ದಿನೂ ಮಗೂಗೆ ಹಿಂಗೇ ಹೇಳ್ದೆ ಅಂತೆ. ನೀ ನನ್ನ ನೋಡಿ ಕಲ್ತೆ ಅಲ್ದಾ ಇದು?" ಎಂದಳು.

"ಹೌದು. ಎಂತ ತಪ್ಪು?"

"ನಾ ಹೇಳಿದ್ದು ಉಸಿರಿದ್ದವಳ ಸುದ್ದಿ. ನಿನ್ನ ಅಮ್ಮ ಇನ್ನೂ ದಾರಿಲಿದ್ಲು. ಬರೂದೋ ಬಿಡೂದೋ ಯಾರಿಗೂ ಗೊತ್ತಿಲ್ಲ, ಹಂಗಾಗಿ ಬತ್ತಾಳೆ ಅಂದೆ. ನೀ ಹೇಳೂದು ಯಾರ ಸುದ್ದಿ?"

ನಾನು ಚೊಂಬು ಹುಡುಕತೊಡಗಿದೆ.

"ಒಂಬತ್ತನೇ ದಿನ ಫೋನು ಬಂತು. ಆಶೆ ಇಟ್ಕಳುದು ಬ್ಯಾಡ, ಬೆಳಗಾದ್ಮೇಲೆ ಹೇಳ್ತೆ ಅಂದ ನಿನ್ನ ಅಪ್ಪ. ನಾ ಬಂದು ಟ್ರಂಕಿನಿಂದ ಆ ಮೊದಲ್ನೇ ಸಿಡಿ ತೆಗ್ದು ಸೊಂಟಕ್ಕೆ ಸಿಕ್ಕಿಸ್ಕಂಡೇ ಕೂತಿದ್ದೆ. ನಿಮಗೆ ಅರ್ಥ ಹೇಳ್ತಾ ಇರೂವಾಗ ಅದು ನನ್ನ ಸೊಂಟದಲ್ಲೇ ಇತ್ತು. ಬೆಳಗಿನ ಫೋನಲ್ಲಿ ಕೆಟ್ಟ ಸುದ್ದಿ ಬಂದಿದ್ರೆ ಅದನ್ನ ಹಾಕಿ ನಿಮ್ಮಿಬ್ಬರನ್ನ ತೊಡೆ ಮೇಲೆ ಕೂರಿಸ್ಕಂಡು ತೋರಿಸ್ತಿದ್ದೆ. ಅದಕ್ಕೇ ಅಂತ ಇಟ್ಟದ್ದು ಅದು. ಸತ್ತ ಮನುಷ್ಯರನ್ನ ಬತ್ತಾರೆ ಅಂತ ನಾ ಯಾವತ್ತೂ ಅರ್ಥ ಹೇಳ್ಲಿಲ್ಲ ಮಾರಾಯ್ತಿ."

ನನಗೆ ಸಿಟ್ಟು ಬಂತು. ನಿಜ ಹೇಳುತ್ತೇನೆ, ಅವಳ ಮೇಲೇ ಬಂತು. ನಾಲ್ಕು ತಿಂಗಳು ಸುಮ್ಮನಿದ್ದು ಈಗ ಹೇಳುತ್ತೀಯಲ್ಲ ಎಂದೆ. "ನಿನ್ನ ಬಾಯಲ್ಲಿ ಇವತ್ತೇ ಕೇಳಿದ್ದು ನಾನು" ಎಂದಳು. "ನಂಗೂ ಬ್ಯಾಸರ ಅದೆ. ನನ್ನ ತಂಗಿ ಅವಳು." ಅಷ್ಟು ಹೇಳಿ ನಿಜವಾಗಿಯೂ ನೀರು ಬಗ್ಗಿಸಿಕೊಂಡು ಕುಡಿದಳು.

ಹೊರಕೋಣೆಗೆ ಬಂದೆ. ಟೀವಿಯಲ್ಲಿ ಖಾಲಿ ನೀರು ನಿಂತಿತ್ತು. ಅವನಿ ಅದನ್ನೇ ನೋಡುತ್ತ ಕೂತಿದ್ದಳು. ಅವಳನ್ನು ತೊಡೆಯ ಮೇಲೆ ಎತ್ತಿಕೊಂಡೆ.

"ಅದ್ರ ಅಮ್ಮ ಆಸ್ಪತ್ರೆಗೆ ಹೋಗ್ಲಿಲ್ಲ ಮಗಾ. ನಾನು ಸುಳ್ಳು ಹೇಳ್ದೆ. ಅದು ಸತ್ತುಹೋಯ್ತು" ಎಂದೆ. "ನಮ್ಮ ಅಜ್ಜಿನೂ ಸತ್ತುಹೋದ್ಲು. ಅದನ್ನೂ ನಾನು ಸುಳ್ಳು ಹೇಳ್ದೆ. ಅವಳು ಆಸ್ಪತ್ರೆಲಿ ಇಲ್ಲ."

ಅವಳು ಅಳುತ್ತಾಳೆ, ಕೈಕಾಲು ಬಡಿಯುತ್ತಾಳೆ, ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಮುಖ ನೋಡಿದಳು.

"ಎಷ್ಟು ದಿನ ಆಯ್ತು?"

"ನಾಲ್ಕು ತಿಂಗಳು."

"ಹಾಗಾದ್ರೆ ಅಜ್ಜಿ ಅಲ್ಲಿ ಒಬ್ಬಳೇ ಇಲ್ವಾ?"

"ಇಲ್ಲ ಮಗಾ."

"ನಾನು ಅಂದ್ಕೊಂಡೆ" ಎಂದಳು, ಮೆಲ್ಲಗೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ. "ಅಜ್ಜಿ ಅಲ್ಲೇ ಇದ್ದಾಳೆ, ನಾವ್ಯಾರೂ ಒಂದು ಸಲಾನೂ ನೋಡ್ಲಿಕ್ಕೆ ಹೋಗ್ಲಿಲ್ಲ ಅಂತ. ಅಜ್ಜಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಅಂತ. ಅದಕ್ಕೇ ಕೇಳೋದು ಬಿಟ್ಟೆ."

ದೊಡ್ಡಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು, ಅವಳ ಕಿವಿಗೂ ಇದು ಬಿತ್ತು. ಬಂದು ನಮ್ಮ ಪಕ್ಕ ನೆಲದ ಮೇಲೆ ಕೂತಳು.

"ಅಜ್ಜಿ ಸಾಯುವಾಗ ಯಾರಿದ್ರು?" ಅವನಿ ಕೇಳಿದಳು.

"ನಾನಿದ್ದೆ. ಕೈ ಹಿಡ್ಕೊಂಡೇ ಇದ್ದೆ."

"ಪೂರ್ತಿ?"

"ಪೂರ್ತಿ" ಎಂದೆ. ಇದು ನಿಜವಾಗಿತ್ತು. ಆಗ ಅವಳು ನನ್ನ ಕುತ್ತಿಗೆಗೆ ಮುಖ ಒತ್ತಿ, ನಾಲ್ಕು ತಿಂಗಳದ್ದನ್ನೆಲ್ಲ ಒಟ್ಟಿಗೆ ಅಳತೊಡಗಿದಳು.